ಹರ್ಮನ್ ಫೊಟಿಂಗರ್

ಹರ್ಮನ್ ಫೊಟಿಂಗರ್ (9 ಫೆಬ್ರವರಿ 1877 – 28 ಏಪ್ರಿಲ್ 1945) ಜರ್ಮನಿಯ ಎಂಜಿನಿಯರ್ ಹಾಗೂ ಪ್ರಾಧ್ಯಾಪಕರು. ದ್ರವದ ಹರಿವಿನಿಂದ ಶಕ್ತಿಯನ್ನು ಸಾಗಿಸುವ ಟಾರ್ಕ್ ಕನ್ವರ್ಟರ್ ಇವರ ಆವಿಷ್ಕಾರ. ಹಡಗುಗಳಿಗಾಗಿ ರೂಪುಗೊಂಡ ಈ ಸಾಧನವು ಮುಂದೆ ಕಾರುಗಳ ಸ್ವಯಂಚಾಲಿತ ಗೇರ್ ವ್ಯವಸ್ಥೆಗೆ ಆಧಾರವಾಯಿತು.

ಜನನ ಮತ್ತು ಶಿಕ್ಷಣ

ಫೊಟಿಂಗರ್ ಅವರು ನ್ಯೂರೆಂಬರ್ಗ್ ನಗರದಲ್ಲಿ ಜನಿಸಿದರು. ಮ್ಯೂನಿಕ್‌ನ ತಾಂತ್ರಿಕ ವಿದ್ಯಾಲಯದಲ್ಲಿ ವಿದ್ಯುತ್ ಎಂಜಿನಿಯರಿಂಗ್ ವ್ಯಾಸಂಗ ಮಾಡಿ, 1899ರಲ್ಲಿ ಸ್ಟೆಟಿನ್‌ನ ವಲ್ಕನ್ ಹಡಗು ಕಾರ್ಖಾನೆಯನ್ನು ಸೇರಿದರು.

ಆವಿಷ್ಕಾರ

ಆ ಕಾಲದಲ್ಲಿ ಹಡಗುಗಳಿಗೆ ಉಗಿ ಟರ್ಬೈನ್‌ಗಳು ಬರತೊಡಗಿದ್ದವು. ಟರ್ಬೈನ್ ವೇಗವಾಗಿ ತಿರುಗಿದಾಗ ಸಮರ್ಥವಾಗಿರುತ್ತದೆ. ಪ್ರೊಪೆಲರ್ ನಿಧಾನವಾಗಿ ತಿರುಗಿದಾಗ ಸಮರ್ಥವಾಗಿರುತ್ತದೆ. ಇವೆರಡರ ನಡುವೆ ಅಷ್ಟು ಶಕ್ತಿಯನ್ನು ತಾಳಬಲ್ಲ ಹಲ್ಲುಗಾಲಿಗಳನ್ನು ತಯಾರಿಸುವುದು ಆಗ ಕಷ್ಟವಾಗಿತ್ತು. ಫೊಟಿಂಗರ್ ಅವರು ಪಂಪಿನ ಚಕ್ರವನ್ನೂ ಟರ್ಬೈನಿನ ಚಕ್ರವನ್ನೂ ದ್ರವ ತುಂಬಿದ ಒಂದೇ ಕವಚದೊಳಗೆ ಇರಿಸಿದರು. ಮೂರನೆಯದಾದ ಸ್ಥಿರ ಚಕ್ರವು ದ್ರವದ ದಿಕ್ಕನ್ನು ತಿರುಗಿಸಿ ಟಾರ್ಕ್ ಅನ್ನು ಹೆಚ್ಚಿಸುತ್ತಿತ್ತು. 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಸ್ಥಿರ ಚಕ್ರವಿಲ್ಲದ ಸರಳ ರೂಪಕ್ಕೆ ದ್ರವ ಕಪ್ಲಿಂಗ್ ಎಂದು ಹೆಸರು. ಹಲ್ಲುಗಾಲಿಗಳ ತಯಾರಿಕೆ ಸುಧಾರಿಸಿದಂತೆ ಹಡಗುಗಳಲ್ಲಿ ಕನ್ವರ್ಟರಿನ ಬಳಕೆ ಹಿಂದೆ ಸರಿಯಿತು.

ಅಧ್ಯಾಪನ

1909ರಲ್ಲಿ ಡಾನ್ಜಿಗ್‌ನಲ್ಲಿಯೂ 1924ರಿಂದ ಬರ್ಲಿನ್‌ನಲ್ಲಿಯೂ ತಾಂತ್ರಿಕ ವಿದ್ಯಾಲಯಗಳ ಪ್ರಾಧ್ಯಾಪಕರಾಗಿ, ದ್ರವಗಳ ಚಲನೆಯ ಕುರಿತು ಸಂಶೋಧನೆ ನಡೆಸಿದರು.

ಕಾರುಗಳಲ್ಲಿ ಬಳಕೆ

ಅಮೆರಿಕದ ಓಲ್ಡ್ಸ್‌ಮೊಬೈಲ್ ಕಂಪನಿಯ 1940ರ ಮಾದರಿಯ ಹೈಡ್ರಾ-ಮ್ಯಾಟಿಕ್ ಗೇರ್ ಪೆಟ್ಟಿಗೆಯಲ್ಲಿ ದ್ರವ ಕಪ್ಲಿಂಗ್ ಇತ್ತು. 1948ರ ಬ್ಯೂಕ್ ಡೈನಾಫ್ಲೋದಲ್ಲಿ ಟಾರ್ಕ್ ಕನ್ವರ್ಟರ್ ಬಂದಿತು.

ಇಂದಿನ ಸ್ವಯಂಚಾಲಿತ ಕಾರುಗಳ ಗೇರ್ ಸನ್ನೆಯಲ್ಲಿ ಸಾಮಾನ್ಯವಾಗಿ ನಾಲ್ಕು ಮುಖ್ಯ ಸ್ಥಾನಗಳಿರುತ್ತವೆ: ನಿಲುಗಡೆಗೆ 'ಪಿ', ಹಿಂಚಲನೆಗೆ 'ಆರ್', ತಟಸ್ಥ ಸ್ಥಿತಿಗೆ 'ಎನ್', ಮುಂಚಲನೆಗೆ 'ಡಿ'. ಟಾರ್ಕ್ ಕನ್ವರ್ಟರ್ ಇರುವ ಕಾರಿನಲ್ಲಿ 'ಡಿ' ಸ್ಥಾನದಲ್ಲಿದ್ದಾಗ ಬ್ರೇಕ್ ಒತ್ತಿ ನಿಲ್ಲಿಸಿದರೂ ಎಂಜಿನ್ ಆರಿಹೋಗುವುದಿಲ್ಲ. ಬ್ರೇಕ್ ಬಿಟ್ಟೊಡನೆ ಕಾರು ಮೆಲ್ಲನೆ ಮುಂದೆ ಸರಿಯುತ್ತದೆ. ಎಂಜಿನ್ನಿಗೂ ಗೇರ್ ಪೆಟ್ಟಿಗೆಗೂ ನಡುವೆ ದ್ರವವಿರುವುದೇ ಇದಕ್ಕೆ ಕಾರಣ. ಹಲವು ಕಾರುಗಳಲ್ಲಿರುವ ಮ್ಯಾನುಯಲ್ ವಿಧಾನದಲ್ಲಿ ಚಾಲಕರು ಸಂಕಲನ ಮತ್ತು ವ್ಯವಕಲನ ಚಿಹ್ನೆಗಳ ಕಡೆಗೆ ಸನ್ನೆಯನ್ನು ಸರಿಸಿ ಗೇರ್ ಬದಲಿಸಬಹುದು. ಘಟ್ಟ ಇಳಿಯುವಾಗ ಕೆಳಗಿನ ಗೇರ್ ಆರಿಸಿಕೊಂಡರೆ ಎಂಜಿನ್ನೇ ವೇಗವನ್ನು ತಡೆಹಿಡಿಯುವುದರಿಂದ ಬ್ರೇಕ್ ಅತಿಯಾಗಿ ಕಾಯುವುದಿಲ್ಲ. ಈ ವಿಧಾನದಲ್ಲಿಯೂ ಕ್ಲಚ್ ಪೆಡಲ್ ಬೇಕಾಗುವುದಿಲ್ಲ.

ನಿಧನ

ಎರಡನೆಯ ಮಹಾಯುದ್ಧದ ಕೊನೆಯ ದಿನಗಳಲ್ಲಿ, ಬರ್ಲಿನ್ ಕದನದ ನಡುವೆ ಸಿಡಿಗುಂಡಿನ ಚೂರು ತಗುಲಿ ಫೊಟಿಂಗರ್ ಮೃತಪಟ್ಟರು. ಹತ್ತು ದಿನಗಳ ಬಳಿಕ ಯೂರೋಪಿನಲ್ಲಿ ಯುದ್ಧ ಕೊನೆಗೊಂಡಿತು. ತಮ್ಮ ಟಾರ್ಕ್ ಕನ್ವರ್ಟರ್ ಜನಸಾಮಾನ್ಯರ ಕಾರುಗಳಲ್ಲಿ ವ್ಯಾಪಕವಾಗಿ ಬಳಕೆಗೆ ಬಂದುದನ್ನು ನೋಡಲು ಅವರು ಉಳಿದಿರಲಿಲ್ಲ.