ಸೂರತ್ತಿನ ಡಾಕ್ಟರಮ್ಮ

ಡಾಕ್ಟರುಗಳ ಮನೋಬಲದ ವಿಷಯವಾಗಿ ಮನಶ್ಶಾಸ್ತ್ರದವರು ಈಗ ಬಹಳ ಬರೆಯುತ್ತಾರೆ. ರಾತ್ರಿ ಪಾಳಿ, ರೋಗಿಗಳ ನೂಕುನುಗ್ಗಲು, ಕಣ್ಣೆದುರಿನ ಸಾವು, ಇವುಗಳ ನಡುವೆ ಕೆಲವರು ಕುಸಿಯುತ್ತಾರೆ, ಕೆಲವರು ತಾಳಿಕೊಳ್ಳುತ್ತಾರೆ. ತಾಳುವ ಶಕ್ತಿ ಹುಟ್ಟಿನಿಂದಲೇ ಬಂದದ್ದೋ, ಸುತ್ತಲಿನವರು ಕೊಟ್ಟದ್ದೋ? ಈ ಪ್ರಶ್ನೆ ಎದ್ದಾಗ ಡಾ. ರಖ್ಮಾಬಾಯಿಯವರ ಬಾಳನ್ನು ನೋಡಬೇಕು.

ಅವರು ಹುಟ್ಟಿದ್ದು 1864ರಲ್ಲಿ, ಮುಂಬಯಿಯಲ್ಲಿ. ತಂದೆ ಬೇಗ ತೀರಿಹೋದರು. ತಾಯಿ ಜಯಂತಿಬಾಯಿ ಡಾ. ಸಖಾರಾಮ ಅರ್ಜುನರನ್ನು ಮದುವೆಯಾದರು. ಬಡಗಿಗಳ ಆ ಜಾತಿಯಲ್ಲಿ ವಿಧವೆಯ ಮರುಮದುವೆಗೆ ಅಡ್ಡಿ ಇರಲಿಲ್ಲ. ಬಾಲ್ಯವಿವಾಹ ಮಾತ್ರ ತಪ್ಪಲಿಲ್ಲ ನೋಡಿ! ಹನ್ನೊಂದನೆಯ ವಯಸ್ಸಿಗೇ ದಾದಾಜಿ ಭಿಕಾಜಿಯೊಡನೆ ಲಗ್ನವಾಯಿತು. ಆದರೆ ಹುಡುಗಿ ಗಂಡನ ಮನೆಗೆ ಹೋಗಲಿಲ್ಲ; ಮಲತಂದೆಯ ಮನೆಯಲ್ಲೇ ಇದ್ದು ಓದಿಕೊಂಡರು.

1884ರಲ್ಲಿ ದಾದಾಜಿ ಹೈಕೋರ್ಟಿನಲ್ಲಿ ದಾವೆ ಹೂಡಿದ. 1885ರಲ್ಲಿ ಸಖಾರಾಮರೂ ತೀರಿಕೊಂಡರು. ಅದೇ ವರ್ಷ ನ್ಯಾಯಮೂರ್ತಿ ಪಿನ್ಹೆ ಆಕೆಯ ಪರವಾಗಿ ತೀರ್ಪು ಕೊಟ್ಟರು. ಅಪೀಲಿನ ನಂತರ, 1887ರಲ್ಲಿ, ಎಲ್ಲ ತಿರುಗುಮುರುಗಾಯಿತು: ಗಂಡನ ಮನೆ, ಇಲ್ಲವೇ ಆರು ತಿಂಗಳ ಸೆರೆ. ಆಕೆ ಆರಿಸಿಕೊಂಡದ್ದು ಸೆರೆಯನ್ನು. ತಿಲಕರಂಥವರ ಪತ್ರಿಕೆಗಳೇ ಆಕೆಯ ವಿರುದ್ಧ ಬರೆದವು. ಕೊನೆಗೆ 1888ರಲ್ಲಿ ಎರಡು ಸಾವಿರ ರೂಪಾಯಿ ಕೊಟ್ಟು ರಾಜಿಯಾಯಿತು. ಇಪ್ಪತ್ತಮೂರು ವರ್ಷದ ಹೆಣ್ಣುಮಗಳಿಗೆ ನಾಲ್ಕು ವರ್ಷ ಕೋರ್ಟು ಕಚೇರಿ!

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಆಕೆಯ ಹಠದ ಕಥೆ ಆದೀತು, ಅಷ್ಟೇ. ಆದರೆ ಬೆನ್ನಿಗೆ ಜನ ಇದ್ದರು. ಮುಂಬಯಿಯ ಕಾಮಾ ಆಸ್ಪತ್ರೆಯಲ್ಲಿದ್ದ ಡಾ. ಎಡಿತ್ ಪೀಚಿ ಅವರಲ್ಲೊಬ್ಬರು. ಎಡಿನ್‌ಬರೋದಲ್ಲಿ ವೈದ್ಯ ಓದಲು ಹೋದಾಗ ಆ ಪೀಚಿಯೂ ಅವರ ಗೆಳತಿಯರೂ ಗಂಡು ವಿದ್ಯಾರ್ಥಿಗಳಿಂದ ಕೆಸರೆರಚಿಸಿಕೊಂಡವರು. ಕಷ್ಟ ಏನೆಂದು ಬಲ್ಲವರು. ಅವರ ಪ್ರೋತ್ಸಾಹ, ಹಲವರು ಕೂಡಿಸಿದ ಹಣ, ಇವುಗಳ ಬಲದಿಂದ ರಖ್ಮಾಬಾಯಿ 1889ರಲ್ಲಿ ಲಂಡನ್ನಿನ ಹೆಂಗಸರ ವೈದ್ಯಶಾಲೆಗೆ ಹೊರಟರು. 1894ರಲ್ಲಿ ಡಾಕ್ಟರಾದರು. ನಮ್ಮ ಮೊದಲ ಹೆಣ್ಣು ಡಾಕ್ಟರುಗಳಲ್ಲೊಬ್ಬರಾದ ಆನಂದಿಬಾಯಿ ಜೋಶಿ ಓದು ಮುಗಿಸಿ ಬಂದು, ಕೆಲಸ ಹಿಡಿಯುವ ಮೊದಲೇ 1887ರಲ್ಲಿ ಕಣ್ಮುಚ್ಚಿದ್ದರು. ಇವರಿಗೆ ದೀರ್ಘಾಯುಷ್ಯ ಸಿಕ್ಕಿತು.

1895ರಲ್ಲಿ ತಾಪಿ ನದಿಯ ದಡದ ಸೂರತ್ತಿಗೆ ಬಂದರು. ಅಲ್ಲಿಯ ಹೆಂಗಸರ ಆಸ್ಪತ್ರೆ ಅವರ ಕೈಗೆ ಬಂತು. ಮರುವರ್ಷವೇ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು, ಗುಜರಾತಿಗೂ ಹಬ್ಬಿತು. ಊರು ಬಿಟ್ಟು ಓಡುವ ಕಾಲ ಅದು. ಅವರು ಅಲ್ಲೇ ನಿಂತು ದುಡಿದರು. ಎರಡು ದಶಕಕ್ಕೂ ಹೆಚ್ಚು ಕಾಲ ಸೂರತ್ತೇ ಅವರ ಊರಾಯಿತು. ಇದರಲ್ಲಿ ಎದೆಗಾರಿಕೆಯ ಪಾಲು ದೊಡ್ಡದು, ನಿಜ. ಆದರೆ ತನ್ನ ಆಸ್ಪತ್ರೆಯನ್ನು ತಾನೇ ನಡೆಸುವ ಅಧಿಕಾರ ಇದ್ದದ್ದೂ ಸಣ್ಣ ಮಾತಲ್ಲ. ಮನೋಬಲ ಬೆಳೆಸಿಕೊಳ್ಳಿ ಎಂದು ಡಾಕ್ಟರಿಗೆ ಉಪದೇಶ ಮಾಡಿ, ಪಾಳಿಯನ್ನು ಮಾತ್ರ ಇಮ್ಮಡಿ ಮಾಡುವವರು ಈ ಭಾಗವನ್ನು ಓದುವುದಿಲ್ಲ.

1904ರಲ್ಲಿ ದಾದಾಜಿ ಸತ್ತಾಗ ರಖ್ಮಾಬಾಯಿ ಬಿಳಿ ಸೀರೆ ಉಟ್ಟರು. ಗಂಡನೆಂದು ಒಪ್ಪದೆ ಸೆರೆಗೂ ಸಿದ್ಧರಾಗಿದ್ದವರು ಹೀಗೇಕೆ ಮಾಡಿದರು? ನನಗಂತೂ ಬಗೆಹರಿಯದ ಒಗಟು.

1918ರಲ್ಲಿ ಸರ್ಕಾರದ ಮಹಿಳಾ ವೈದ್ಯಕೀಯ ಸೇವೆಗೆ ಕರೆ ಬಂದಾಗ ಒಲ್ಲೆನೆಂದು, ರಾಜಕೋಟೆಯ ಹೆಂಗಸರ ಆಸ್ಪತ್ರೆಗೆ ಹೋದರು. ಅಲ್ಲೇ ನಿವೃತ್ತರಾಗಿ ಮುಂಬಯಿಗೆ ಮರಳಿದರು. ಪರದಾ ಪದ್ಧತಿ ಹೋಗಬೇಕೆಂದು 1929ರಲ್ಲಿ ಒಂದು ಕಿರುಹೊತ್ತಗೆಯನ್ನೂ ಬರೆದರು. ತೀರಿಕೊಂಡದ್ದು 1955ರ ಸೆಪ್ಟೆಂಬರಿನಲ್ಲಿ, ತೊಂಬತ್ತು ದಾಟಿದ ಮೇಲೆ.