ಜಾನ್ ಹೊವಾರ್ಡ್: ಸೆರೆಮನೆಗಳ ತಪಾಸಣೆ ಮತ್ತು ಸುಧಾರಣೆ

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಸೆರೆಮನೆಯು ಮುಖ್ಯವಾಗಿ ಶಿಕ್ಷೆಯ ಸ್ಥಳವಾಗಿರಲಿಲ್ಲ. ಅದು ಜನರನ್ನು ತಡೆದಿರಿಸುವ ಸ್ಥಳವಾಗಿತ್ತು. ಘೋರ ಅಪರಾಧಿಗಳಿಗೆ ಗಲ್ಲು, ಗಡೀಪಾರು, ಛಡಿಯೇಟು ಮೊದಲಾದ ಶಿಕ್ಷೆಗಳಿದ್ದವು. ವಿಚಾರಣೆಯ ದಿನವನ್ನು ಕಾಯುತ್ತಿದ್ದವರು, ಸಾಲ ತೀರಿಸಲಾರದವರು, ಸಣ್ಣಪುಟ್ಟ ತಪ್ಪಿಗಾಗಿ ಸಿಕ್ಕಿಬಿದ್ದವರು ಸೆರೆಮನೆಯಲ್ಲಿರುತ್ತಿದ್ದರು. ಅದನ್ನು ನಡೆಸುವ ಜೈಲರನಿಗೆ ಸಾಮಾನ್ಯವಾಗಿ ಸಂಬಳವಿರಲಿಲ್ಲ. ಒಳಗೆ ಬಂದುದಕ್ಕೆ, ಬೇಡಿ ಹಗುರಗೊಳಿಸಿದುದಕ್ಕೆ, ಹಾಸಿಗೆ ಕೊಟ್ಟುದಕ್ಕೆ, ಕೊನೆಗೆ ಬಿಡುಗಡೆಯಾದುದಕ್ಕೂ ಕೈದಿಗಳಿಂದ ವಸೂಲು ಮಾಡುವ ಶುಲ್ಕ ಮತ್ತು ಒಳಗೆ ನಡೆಯುತ್ತಿದ್ದ ಮದ್ಯ ಮಾರಾಟದ ಲಾಭ ಇವೇ ಆತನ ಆದಾಯ. ಕಾನೂನಿನ ಪ್ರಕಾರ ಜಿಲ್ಲೆಯ ಸೆರೆಮನೆಯ ಹೊಣೆ ಶೆರೀಫನದು. ಆದರೆ ಆ ಹುದ್ದೆ ಒಂದು ವರ್ಷದ ಗೌರವಸ್ಥಾನವಾಗಿದ್ದು, ಕೆಲಸವನ್ನು ಕೈಕೆಳಗಿನವರಿಗೆ ಒಪ್ಪಿಸುವುದು ವಾಡಿಕೆಯಾಗಿತ್ತು. ತಪಾಸಣೆಯ ಅಧಿಕಾರವಿತ್ತು, ತಪಾಸಣೆ ನಡೆಯುತ್ತಿರಲಿಲ್ಲ.

ಈ ಅಂತರವನ್ನು ತುಂಬಿದವನು ಜಾನ್ ಹೊವಾರ್ಡ್ (1726-1790). ಆತನ ಬದುಕನ್ನು ದಯಾಪರನೊಬ್ಬನ ಕಥೆಯಾಗಿ ನಿರೂಪಿಸುವುದು ರೂಢಿ. ದಯೆ ಆತನಲ್ಲಿ ಇತ್ತೆಂಬುದು ನಿಜ. ಆದರೆ ಸೆರೆಮನೆಗಳ ಸ್ಥಿತಿ ಬದಲಾದುದಕ್ಕೆ ದಯೆಗಿಂತ ಮುಖ್ಯವಾದ ಕಾರಣ ಆತನ ವಿಧಾನ. ಎಣಿಸುವುದು, ಅಳೆಯುವುದು, ಬರೆದಿಡುವುದು, ನೋಡಿದ ಜಾಗಕ್ಕೇ ಮತ್ತೆ ಹೋಗಿ ನೋಡುವುದು ಇವು ಆ ವಿಧಾನದ ಅಂಗಗಳು. ಇವುಗಳಲ್ಲಿ ಕೊನೆಯದೇ ನಿರ್ಣಾಯಕವಾದುದು.

ಆರಂಭದ ಬದುಕು ಮತ್ತು ಬ್ರೆಸ್ಟ್ ಸೆರೆ

ಹೊವಾರ್ಡನ ತಂದೆ ಲಂಡನ್ನಿನ ಅನುಕೂಲಸ್ಥ ವ್ಯಾಪಾರಿ. ತಾಯಿ ಎಳವೆಯಲ್ಲೇ ತೀರಿಕೊಂಡುದರಿಂದ ಮಗು ಬೆಡ್‌ಫರ್ಡ್‌ಶೈರಿನ ಕಾರ್ಡಿಂಗ್ಟನ್ ಎಂಬ ಹಳ್ಳಿಯಲ್ಲಿ ಬೆಳೆಯಿತು. ಮನೆತನ ಆಂಗ್ಲಿಕನ್ ಚರ್ಚಿಗೆ ಸೇರದ ಪ್ರೊಟೆಸ್ಟಂಟ್ ಪಂಥದ್ದು. 1742ರಲ್ಲಿ ತಂದೆ ಮರಣ ಹೊಂದಿದಾಗ ದೊಡ್ಡ ಆಸ್ತಿ ಆತನ ಕೈಗೆ ಬಂತು. ದಿನಸಿ ವ್ಯಾಪಾರಿಯೊಬ್ಬನ ಬಳಿ ಕಲಿಕೆಗೆ ಇದ್ದವನು ಹಣ ಕೊಟ್ಟು ಆ ಕರಾರಿನಿಂದ ಬಿಡಿಸಿಕೊಂಡು ಯುರೋಪಿನ ಪ್ರವಾಸಕ್ಕೆ ಹೊರಟನು. ಆರೋಗ್ಯ ಮೊದಲಿನಿಂದಲೂ ದುರ್ಬಲ. ಕಾಯಿಲೆಯಲ್ಲಿ ಉಪಚರಿಸಿದ, ತನಗಿಂತ ವಯಸ್ಸಿನಲ್ಲಿ ಬಹಳ ಹಿರಿಯಳಾದ ಮನೆಯೊಡತಿಯನ್ನು ಕೃತಜ್ಞತೆಯಿಂದ ಮದುವೆಯಾದನು. ಆಕೆ 1755ರಲ್ಲಿ ತೀರಿಕೊಂಡಳು.

ಅದೇ ವರ್ಷದ ನವೆಂಬರಿನಲ್ಲಿ ಲಿಸ್ಬನ್ ನಗರ ಭೂಕಂಪದಿಂದ ನೆಲಸಮವಾಯಿತು. ಅಲ್ಲಿಗೆ ಹೊರಟ ಹೊವಾರ್ಡನ ಹಡಗನ್ನು ಫ್ರೆಂಚರು ಸೆರೆಹಿಡಿದು ಬ್ರೆಸ್ಟ್ ಬಂದರಿಗೆ ಒಯ್ದರು. ಸಮುದ್ರದ ಮೇಲೆ ಹಸಿವು ಬಾಯಾರಿಕೆಗಳಲ್ಲಿ ಕಳೆದ ಮೇಲೆ, ಕೋಟೆಯ ನೆಲಮಾಳಿಗೆಯಲ್ಲಿ ಹುಲ್ಲಿನ ಮೇಲೆ ಆರು ರಾತ್ರಿಗಳನ್ನು ಕಳೆಯಬೇಕಾಯಿತು. ಅನಂತರ ಮಾತಿನ ಭರವಸೆಯ ಮೇಲೆ ಊರಿನಲ್ಲಿ ವಾಸಿಸಲು ಅನುಮತಿ ದೊರೆಯಿತು. ಆ ಅವಧಿಯಲ್ಲಿ ಆತ ಇತರ ಇಂಗ್ಲಿಷ್ ಬಂದಿಗಳ ಸ್ಥಿತಿಯನ್ನು ಕುರಿತು ವಿವರ ಸಂಗ್ರಹಿಸಿದನು. ದಿನಾನ್ ಎಂಬಲ್ಲಿ ಒಂದೇ ದಿನ 36 ಮಂದಿಯನ್ನು ಒಂದೇ ಗುಂಡಿಯಲ್ಲಿ ಹೂಳಲಾಗಿತ್ತು. ಸ್ವದೇಶಕ್ಕೆ ಮರಳಿದೊಡನೆ ಆತ ಈ ವಿವರಗಳನ್ನು ನಾವಿಕರ ಕ್ಷೇಮ ನೋಡಿಕೊಳ್ಳುತ್ತಿದ್ದ ಅಧಿಕಾರಿಗಳ ಮುಂದಿಟ್ಟನು. ಬಂದಿಗಳಿಗೆ ಪರಿಹಾರ ದೊರೆಯಿತು. ಸರಿಯಾದ ಮಾಹಿತಿ ಸರಿಯಾದ ಸ್ಥಳವನ್ನು ತಲುಪಿದರೆ ಫಲ ದೊರೆಯುತ್ತದೆ ಎಂಬ ಅನುಭವ ಆತನಿಗೆ ಆದದ್ದು ಇಲ್ಲಿ.

ಮುಂದಿನ ಹದಿನೇಳು ವರ್ಷ ಆತ ಕಾರ್ಡಿಂಗ್ಟನ್ನಿನ ಭೂಮಾಲೀಕನಾಗಿ ಬಾಳಿದನು. 1756ರಲ್ಲಿ ರಾಯಲ್ ಸೊಸೈಟಿಯ ಸದಸ್ಯನಾದನು. 1758ರಲ್ಲಿ ಹೆನ್ರಿಯೆಟಾ ಲೀಡ್ಸ್‌ಳನ್ನು ವರಿಸಿದನು. ದಂಪತಿಗಳು ಒಕ್ಕಲುಗಳಿಗೆ ತೇವವಿಲ್ಲದ ಮನೆಗಳನ್ನೂ ಮಕ್ಕಳಿಗೆ ಶಾಲೆಯನ್ನೂ ಕಟ್ಟಿಸಿದರು. 1765ರಲ್ಲಿ ಮಗ ಹುಟ್ಟಿದ ಕೆಲವೇ ದಿನಗಳಲ್ಲಿ ಹೆನ್ರಿಯೆಟಾ ಮೃತಳಾದಳು.

ಬೆಡ್‌ಫರ್ಡಿನ ಶೆರೀಫ್

1773ರಲ್ಲಿ ಹೊವಾರ್ಡ್ ಬೆಡ್‌ಫರ್ಡ್‌ಶೈರಿನ ಹೈ ಶೆರೀಫನಾಗಿ ನೇಮಕಗೊಂಡನು. ಆಂಗ್ಲಿಕನ್ ಚರ್ಚಿನ ವಿಧಿಗೆ ಒಳಪಡದವರಿಗೆ ಅಂದು ಸರ್ಕಾರಿ ಹುದ್ದೆ ನಿಷಿದ್ಧ. ಆತ ವಿಧಿಗೂ ಒಳಪಡಲಿಲ್ಲ, ಹುದ್ದೆಯನ್ನೂ ಬಿಡಲಿಲ್ಲ. ಬೆಡ್‌ಫರ್ಡಿನ ಸೆರೆಮನೆಗೆ ಇನ್ನೊಂದು ಇತಿಹಾಸವೂ ಉಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ಮಿಶನರಿಗಳ ಮೂಲಕ ಕನ್ನಡಕ್ಕೂ ಬಂದ ಯಾತ್ರಿಕನ ಕಥೆಯ ಕರ್ತೃ ಜಾನ್ ಬನಿಯನ್ ಹಿಂದಿನ ಶತಮಾನದಲ್ಲಿ ಹನ್ನೆರಡು ವರ್ಷ ಬಂದಿಯಾಗಿದ್ದುದು ಈ ಊರಿನಲ್ಲಿಯೇ.

ವಾಡಿಕೆಗೆ ವಿರುದ್ಧವಾಗಿ ಹೊವಾರ್ಡ್ ಸ್ವತಃ ಸೆರೆಮನೆಯ ಒಳಗೆ ಹೋದನು. ಅಲ್ಲಿ ಆತನನ್ನು ತಡೆದು ನಿಲ್ಲಿಸಿದ ಸಂಗತಿ ಕತ್ತಲೆಯೂ ಅಲ್ಲ, ದುರ್ವಾಸನೆಯೂ ಅಲ್ಲ. ನ್ಯಾಯಾಲಯವು ನಿರ್ದೋಷಿಗಳೆಂದು ತೀರ್ಮಾನಿಸಿದವರು, ಆರೋಪವೇ ನಿಲ್ಲದೆ ಬಿಡುಗಡೆ ಹೊಂದಬೇಕಾದವರು ಜೈಲರನ ಶುಲ್ಕ ಕಟ್ಟಲಾರದೆ ಮತ್ತೆ ಒಳಗೇ ಉಳಿದಿದ್ದರು. ಶುಲ್ಕಕ್ಕೆ ಬದಲಾಗಿ ಜೈಲರನಿಗೆ ಸಂಬಳ ಕೊಡಬೇಕೆಂದು ಹೊವಾರ್ಡ್ ಜಿಲ್ಲೆಯ ನ್ಯಾಯಾಧಿಕಾರಿಗಳನ್ನು ಕೇಳಿದನು. ಅವರು ನಿರಾಕರಿಸಲಿಲ್ಲ, ಬೇರೆ ಜಿಲ್ಲೆಗಳಲ್ಲಿ ಅಂಥ ಪದ್ಧತಿ ಇದೆಯೇ ಎಂದು ವಿಚಾರಿಸಿದರು. ಪೂರ್ವನಿದರ್ಶನವನ್ನು ಹುಡುಕುತ್ತ ಆತ ಕುದುರೆಯೇರಿ ನೆರೆಯ ಜಿಲ್ಲೆಗಳಿಗೆ ಹೋದನು. ನಿದರ್ಶನ ಸಿಗಲಿಲ್ಲ. ಅದೇ ಅನ್ಯಾಯ ಎಲ್ಲೆಡೆಯೂ ಇದ್ದುದು ಕಂಡಿತು. ಕಡತದ ಪ್ರಶ್ನೆಯೊಂದಕ್ಕೆ ಉತ್ತರ ಹುಡುಕಲು ಆರಂಭವಾದ ಈ ಪಯಣ ಆತನ ಜೀವಿತದ ಕೊನೆಯವರೆಗೂ ನಿಲ್ಲಲಿಲ್ಲ.

1774ರ ಶಾಸನಗಳು

1774ರ ಮಾರ್ಚ್‌ನಲ್ಲಿ ಪಾರ್ಲಿಮೆಂಟಿನ ಕಾಮನ್ಸ್ ಸಭೆಯ ಸಮಿತಿಯ ಮುಂದೆ ಹೊವಾರ್ಡ್ ಸಾಕ್ಷ್ಯ ನುಡಿದನು. ಸಭೆ ಆತನನ್ನು ಕರೆಸಿ ಕೃತಜ್ಞತೆ ಸಲ್ಲಿಸಿತು. ಈ ಪ್ರವಾಸಕ್ಕೆ ಹಣ ಕೊಟ್ಟವರು ಯಾರೆಂದು ಸದಸ್ಯನೊಬ್ಬನು ಕೇಳಿದನೆಂಬುದು ಆ ಕಾಲದ ಆಡಳಿತದ ಮನೋಭಾವವನ್ನು ಸೂಚಿಸುತ್ತದೆ: ಅಂಥ ಕೆಲಸವನ್ನು ಸ್ವಂತ ಖರ್ಚಿನಲ್ಲಿ ಮಾಡಬಹುದೆಂಬುದು ಊಹೆಗೆ ನಿಲುಕದ ಮಾತಾಗಿತ್ತು.

ಅಲೆಗ್ಸಾಂಡರ್ ಪೋಪಮ್ ಎಂಬ ಸದಸ್ಯನ ಪ್ರಯತ್ನದಿಂದ ಅದೇ ವರ್ಷ ಎರಡು ಶಾಸನಗಳು ಜಾರಿಗೆ ಬಂದವು. ಮೊದಲನೆಯದು ನಿರ್ದೋಷಿಗಳಿಂದ ಬಿಡುಗಡೆಯ ಶುಲ್ಕ ಪಡೆಯುವುದನ್ನು ರದ್ದುಪಡಿಸಿ, ಆ ಹಣವನ್ನು ಜಿಲ್ಲೆಯ ಬೊಕ್ಕಸದಿಂದ ಕೊಡುವಂತೆ ವಿಧಿಸಿತು. ಎರಡನೆಯದು ಕೈದಿಗಳ ಆರೋಗ್ಯವನ್ನು ಕುರಿತದ್ದು. ವರ್ಷಕ್ಕೊಮ್ಮೆಯಾದರೂ ಗೋಡೆಗಳನ್ನು ಕೆರೆದು ಸುಣ್ಣ ಬಳಿಯಬೇಕು. ಕೋಣೆಗಳಿಗೆ ಗಾಳಿ ಆಡಬೇಕು. ರೋಗಿಗಳಿಗೆ ಪ್ರತ್ಯೇಕ ಕೊಠಡಿ ಮತ್ತು ಸ್ನಾನದ ವ್ಯವಸ್ಥೆ ಇರಬೇಕು. ವೈದ್ಯನನ್ನು ನೇಮಿಸಿ, ಆತನು ಕೈದಿಗಳ ಸ್ಥಿತಿಯನ್ನು ನ್ಯಾಯಾಧಿಕಾರಿಗಳಿಗೆ ವರದಿ ಮಾಡಬೇಕು. ಈ ನಿಯಮಗಳ ಹಿಂದೆ ಕರುಣೆಯಷ್ಟೇ ಭಯವೂ ಕೆಲಸ ಮಾಡಿತ್ತು. ಜೈಲುಜ್ವರವೆಂದು ಕರೆಯಲಾಗುತ್ತಿದ್ದ ಟೈಫಸ್ ಸೆರೆಮನೆಯ ಗೋಡೆಯೊಳಗೆ ನಿಲ್ಲುತ್ತಿರಲಿಲ್ಲ. 1750ರಲ್ಲಿ ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯಕ್ಕೆ ಕೈದಿಗಳೊಡನೆ ಬಂದ ಈ ಜ್ವರ ಇಬ್ಬರು ನ್ಯಾಯಾಧೀಶರನ್ನೂ ನಗರದ ಲಾರ್ಡ್ ಮೇಯರನನ್ನೂ ಬಲಿ ತೆಗೆದುಕೊಂಡಿತ್ತು. ಅದು ಮೈ ಹೇನಿನಿಂದ ಹರಡುತ್ತದೆಂಬುದು ತಿಳಿದದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಕೆಟ್ಟ ಗಾಳಿಯೇ ಕಾರಣವೆಂಬ ಅಂದಿನ ಗ್ರಹಿಕೆ ತಪ್ಪಾಗಿದ್ದರೂ, ಸ್ನಾನ ಮತ್ತು ಶುಚಿಯಾದ ಬಟ್ಟೆ ಎಂಬ ಪರಿಹಾರ ಸರಿಯಾಗಿಯೇ ಇತ್ತು.

ಎರಡನೆಯ ಭೇಟಿ

ಶಾಸನವಾದೊಡನೆ ಕೆಲಸ ಮುಗಿಯಿತೆಂದು ಹೊವಾರ್ಡ್ ಭಾವಿಸಲಿಲ್ಲ. ಎರಡೂ ಶಾಸನಗಳನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿ ದೇಶದ ಜೈಲರುಗಳಿಗೆಲ್ಲ ಕಳುಹಿಸಿದನು. ಆಮೇಲೆ ಅವು ಪಾಲನೆಯಾಗಿವೆಯೇ ಎಂದು ನೋಡಲು ಮತ್ತೆ ಹೊರಟನು. ಅಷ್ಟರಲ್ಲಿ ಶೆರೀಫನ ಅವಧಿ ಮುಗಿದಿತ್ತು. 1774ರ ಚುನಾವಣೆಯಲ್ಲಿ ಬೆಡ್‌ಫರ್ಡಿನಿಂದ ಪಾರ್ಲಿಮೆಂಟಿಗೆ ಸ್ಪರ್ಧಿಸಿ ಅಲ್ಪ ಮತಗಳಿಂದ ಸೋತಿದ್ದನು. ಹೀಗೆ ಒಂದು ವರ್ಷ ಅಧಿಕೃತವಾಗಿದ್ದ ತಪಾಸಣೆಯನ್ನು ಮುಂದಿನ ಹದಿನೈದು ವರ್ಷ ಆತ ಬಹುಮಟ್ಟಿಗೆ ಅಧಿಕಾರವಿಲ್ಲದ ಖಾಸಗಿ ವ್ಯಕ್ತಿಯಾಗಿ ನಡೆಸಿದನು.

ಸೆರೆಮನೆಯಿಂದ ಹೊರಬಂದಾಗ ಬಟ್ಟೆಗೆ ಅಂಟಿದ ನಾತದಿಂದ ಮುಚ್ಚಿದ ಗಾಡಿಯಲ್ಲಿ ಕೂರಲಾಗದೆ ಆತ ಕುದುರೆಯ ಮೇಲೆಯೇ ಪ್ರಯಾಣ ಮಾಡಬೇಕಾಗುತ್ತಿತ್ತು. ಟಿಪ್ಪಣಿ ಪುಸ್ತಕದ ಹಾಳೆಗಳನ್ನು ಬೆಂಕಿಯ ಮುಂದೆ ಹರಡಿದ ಮೇಲೆಯೇ ಬಳಸಲು ಸಾಧ್ಯವಾಗುತ್ತಿತ್ತು. ಮಾಂಸ ಮದ್ಯಗಳನ್ನು ಬಿಟ್ಟು ಬ್ರೆಡ್ಡು, ಹಾಲು, ಚಹಾಗಳಲ್ಲಿ ದಿನ ಕಳೆಯುತ್ತಿದ್ದನು. ಈ ಟಿಪ್ಪಣಿಗಳಿಂದ ರೂಪುಗೊಂಡ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸೆರೆಮನೆಗಳ ಸ್ಥಿತಿಯನ್ನು ಕುರಿತ ಗ್ರಂಥ 1777ರಲ್ಲಿ ವಾರಿಂಗ್ಟನ್ನಿನಲ್ಲಿ ಅಚ್ಚಾಯಿತು. ಅದರ ಬರವಣಿಗೆಯನ್ನು ತಿದ್ದಲು ಜಾನ್ ಏಕಿನ್ ನೆರವಾದನು.

ಆ ಗ್ರಂಥದ ರಚನೆಯೇ ಗಮನಾರ್ಹವಾದುದು. ಪ್ರತಿ ಸೆರೆಮನೆಗೂ ಜೈಲರನ ಸಂಬಳ, ಶುಲ್ಕದ ಪಟ್ಟಿ, ಮದ್ಯ ಮಾರಾಟದ ಪರವಾನಗಿ, ಆಹಾರದ ಪ್ರಮಾಣ, ವೈದ್ಯ ಮತ್ತು ಪಾದ್ರಿಯ ವಿವರ, ಭೇಟಿಯ ದಿನಾಂಕ ಮತ್ತು ಆಯಾ ದಿನ ಇದ್ದ ಕೈದಿಗಳ ಸಂಖ್ಯೆ ಕ್ರಮವಾಗಿ ಬರುತ್ತವೆ. ಆರೋಗ್ಯದ ಶಾಸನವನ್ನು ಗೋಡೆಗೆ ತೂಗುಹಾಕಿದ್ದಾರೆಯೇ ಇಲ್ಲವೇ ಎಂಬುದನ್ನೂ ಆತ ದಾಖಲಿಸುತ್ತಾನೆ. ಒಂದೇ ಸೆರೆಮನೆಯ ಹೆಸರಿನ ಕೆಳಗೆ ಹಲವು ದಿನಾಂಕಗಳಿರುವುದರಿಂದ ಸುಧಾರಣೆಯೂ ನಿರ್ಲಕ್ಷ್ಯವೂ ತಾವಾಗಿಯೇ ಎದ್ದು ಕಾಣುತ್ತವೆ. ಆತ ಎಣಿಸಿದಂತೆ ಒಟ್ಟು ಕೈದಿಗಳು 4,084. ಇವರಲ್ಲಿ ಸಾಲಗಾರರು 2,437, ಘೋರ ಅಪರಾಧದವರು 994, ಸಣ್ಣ ಅಪರಾಧದವರು 653. ಸೆರೆಯಲ್ಲಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅಪರಾಧಿಗಳೇ ಅಲ್ಲವೆಂಬ ಸತ್ಯ ಮೊದಲ ಬಾರಿಗೆ ಅಂಕಿಗಳಲ್ಲಿ ಪ್ರಕಟವಾಯಿತು.

ಕ್ರೌರ್ಯದ ಹಿಂದಿನ ಕಾರಣಗಳನ್ನೂ ಆತ ಗುರುತಿಸಿದನು. ಕಿಟಕಿಗಳಿಗೆ ಸರ್ಕಾರ ತೆರಿಗೆ ವಿಧಿಸುತ್ತಿದ್ದುದರಿಂದ ಜೈಲರುಗಳು ಕಿಟಕಿಗಳನ್ನು ಮುಚ್ಚಿಸುತ್ತಿದ್ದರು. ಬಿಷಪ್‌ನ ಒಡೆತನದ ಈಲಿಯ ಸೆರೆಮನೆಯಲ್ಲಿ ಕಟ್ಟಡ ಶಿಥಿಲವಾಗಿದ್ದ ಕಾರಣ ಕೈದಿಗಳನ್ನು ಅಂಗಾತ ಮಲಗಿಸಿ, ಕುತ್ತಿಗೆಗೆ ಮೊಳೆಗಳುಳ್ಳ ಕಬ್ಬಿಣದ ಪಟ್ಟಿ ತೊಡಿಸಿ ನೆಲಕ್ಕೆ ಬಿಗಿಯುವ ಪದ್ಧತಿ ಕೆಲವು ವರ್ಷಗಳ ಹಿಂದಿನವರೆಗೂ ಇತ್ತು. ಗೋಡೆ ಕಟ್ಟಿಸುವ ಖರ್ಚು ಉಳಿಸಲು ಮನುಷ್ಯನ ಮೈಯನ್ನೇ ಗೋಡೆಗೆ ಬದಲಾಗಿ ಬಳಸಲಾಗಿತ್ತು. ನೇರ್ಸ್‌ಬರೋದಲ್ಲಿ ಸಾಲಗಾರರ ಕೋಣೆಯೊಳಗೆ ಊರಿನ ತೆರೆದ ಚರಂಡಿ ಹರಿಯುತ್ತಿತ್ತು.

ಮರುಭೇಟಿಯ ಫಲ ಸ್ಪಷ್ಟವಾಗಿ ಕಂಡದ್ದು ಥೇಮ್ಸ್ ನದಿಯ ತೇಲು ಸೆರೆಗಳಲ್ಲಿ. ಅಮೆರಿಕದ ಯುದ್ಧದಿಂದ ಗಡೀಪಾರು ನಿಂತುಹೋದಾಗ 1776ರಿಂದ ಕೈದಿಗಳನ್ನು ಹಳೆಯ ಹಡಗುಗಳಲ್ಲಿ ಇಡಲಾಯಿತು. ಅದೇ ವರ್ಷ ಜಸ್ಟಿಷಿಯಾ ಎಂಬ ಹಡಗನ್ನು ಹತ್ತಿದ ಹೊವಾರ್ಡನಿಗೆ ಬೂಷ್ಟು ಹಿಡಿದ ಬಿಸ್ಕತ್ತು ಮತ್ತು ರೋಗಿಷ್ಠ ಮುಖಗಳು ಕಂಡವು. 1776ರ ಆಗಸ್ಟ್‌ನಿಂದ 1778ರ ಮಾರ್ಚ್‌ವರೆಗೆ ಅಲ್ಲಿ 632 ಕೈದಿಗಳಲ್ಲಿ 176 ಮಂದಿ ಸತ್ತರು. 1778ರಲ್ಲಿ ಕಾಮನ್ಸ್ ಸಭೆಯ ಸಮಿತಿ ವಿಚಾರಣೆ ನಡೆಸಿತು. ಹೊವಾರ್ಡ್ ಸಾಕ್ಷ್ಯ ಹೇಳಿದನು. ಅನಂತರದ ಭೇಟಿಗಳಲ್ಲಿ ಸ್ಥಿತಿ ಉತ್ತಮಗೊಂಡಿದ್ದುದನ್ನು ಅಷ್ಟೇ ನಿಷ್ಠೆಯಿಂದ ದಾಖಲಿಸಿದನು.

ಯುರೋಪಿನ ಪ್ರವಾಸಗಳು

ಸಂಬಳ ಪಡೆಯುವ ಜೈಲರನ ನಿದರ್ಶನವನ್ನು ಇಂಗ್ಲೆಂಡಿನಲ್ಲಿ ಕಾಣದ ಹೊವಾರ್ಡ್ 1775ರಿಂದ ಯುರೋಪಿನಲ್ಲಿ ಉತ್ತಮ ಮಾದರಿಗಳನ್ನು ಅರಸಿದನು. ಪ್ಯಾರಿಸಿನ ಬಾಸ್ತಿಲ್ ಕೋಟೆಯ ಒಳಗೆ ಪ್ರವೇಶ ದೊರೆಯಲಿಲ್ಲ. ಸ್ವಹಸ್ತದಿಂದ ಭಿಕ್ಷೆ ನೀಡಬಯಸುವವರನ್ನು ಒಳಗೆ ಬಿಡಬೇಕೆಂಬ 1717ರ ಹಳೆಯ ನಿಯಮವೊಂದನ್ನು ಬಳಸಿ ನಗರದ ಇತರ ಸೆರೆಮನೆಗಳನ್ನು ನೋಡಿದನು. ಹಾಲೆಂಡಿನ ಶುಚಿತ್ವವೂ ದುಡಿಮೆಯ ಕ್ರಮವೂ ಆತನ ಮೆಚ್ಚುಗೆ ಗಳಿಸಿದವು. ಫ್ಲಾಂಡರ್ಸಿನ ಗೆಂಟ್ ನಗರದ ಹೊಸ ದುಡಿಮೆಮನೆಯನ್ನೂ ಮೆಚ್ಚಿದನು. ಆದರೆ 1783ರಲ್ಲಿ ಅಲ್ಲಿಗೆ ಮರಳಿದಾಗ ನೇಯ್ಗೆಯ ಕೆಲಸ ನಿಂತು ವ್ಯವಸ್ಥೆ ಕುಸಿದಿತ್ತು. ಒಳ್ಳೆಯ ಸೆರೆಮನೆಯೂ ಕಾವಲಿಲ್ಲದಿದ್ದರೆ ಕೆಡುತ್ತದೆಂಬುದಕ್ಕೆ ಇದು ನಿದರ್ಶನವಾಯಿತು.

1779ರ ಶಾಸನದ ಪ್ರಕಾರ ಮಾದರಿ ಸೆರೆಮನೆ ಕಟ್ಟಿಸಲು ನೇಮಕವಾದ ಮೂವರು ಆಯುಕ್ತರಲ್ಲಿ ಹೊವಾರ್ಡನೂ ಒಬ್ಬನು. ನಿವೇಶನದ ಆಯ್ಕೆಯಲ್ಲಿ ಒಮ್ಮತ ಮೂಡಲಿಲ್ಲ. ಸ್ನೇಹಿತನೂ ಸಹ ಆಯುಕ್ತನೂ ಆದ ವೈದ್ಯ ಜಾನ್ ಫೋದರ್‌ಗಿಲ್ ತೀರಿಕೊಂಡ ಮೇಲೆ 1781ರಲ್ಲಿ ಹೊವಾರ್ಡ್ ರಾಜೀನಾಮೆ ಕೊಟ್ಟನು. ಸಮಿತಿಯಲ್ಲಿ ಕುಳಿತು ರಾಜಿ ಮಾಡಿಕೊಳ್ಳುವ ಗುಣ ಆತನಲ್ಲಿರಲಿಲ್ಲ. ಆದರೂ ಆತನ ಆಲೋಚನೆಗಳು ಜಿಲ್ಲೆಗಳಲ್ಲಿ ಬೇರೂರಿದವು. ಸಸೆಕ್ಸಿನ ಹಾರ್ಷಮ್‌ನಲ್ಲಿ ಪ್ರತ್ಯೇಕ ಕೋಣೆಗಳ ಹೊಸ ಸೆರೆಮನೆ ನಿರ್ಮಾಣವಾಯಿತು. ಗ್ಲೌಸ್ಟರ್‌ಶೈರಿನಲ್ಲಿ ಸರ್ ಜಾರ್ಜ್ ಪಾಲ್ ಆ ತತ್ತ್ವಗಳನ್ನು ಇಡೀ ಜಿಲ್ಲೆಗೆ ಅನ್ವಯಿಸಿದನು. ರಾತ್ರಿ ಒಬ್ಬೊಬ್ಬರಿಗೆ ಪ್ರತ್ಯೇಕ ಕೋಣೆ, ಹಗಲು ದುಡಿಮೆ ಎಂಬುದು ಹೊವಾರ್ಡನ ಸಲಹೆ. ಪೂರ್ಣ ಏಕಾಂತ ಮನುಷ್ಯನ ಬುದ್ಧಿಯನ್ನು ಕೆಡಿಸಬಲ್ಲುದೆಂದು ಆತ ಎಚ್ಚರಿಸಿದ್ದನು. ಹತ್ತೊಂಬತ್ತನೆಯ ಶತಮಾನದ ಆಡಳಿತಗಾರರು ಆತನ ಪ್ರತ್ಯೇಕ ಕೋಣೆಯನ್ನು ಸ್ವೀಕರಿಸಿ, ಎಚ್ಚರಿಕೆಯನ್ನು ಬಿಟ್ಟರು.

1785ರ ಅನಂತರ ಆತನ ಗಮನ ಪ್ಲೇಗು ತಡೆಯುವ ಕ್ವಾರಂಟೈನ್ ಕೇಂದ್ರಗಳ ಕಡೆಗೆ ಹೊರಳಿತು. ಹೊರಗಿನಿಂದ ನೋಡಿ ತೃಪ್ತನಾಗದೆ, ಸೋಂಕಿನ ಶಂಕೆಯುಳ್ಳ ಹಡಗನ್ನು ಬೇಕೆಂದೇ ಆರಿಸಿ ಸ್ಮಿರ್ನಾದಿಂದ ವೆನಿಸ್‌ಗೆ ಬಂದು, ಅಲ್ಲಿನ ಕೇಂದ್ರದಲ್ಲಿ ಬಂದಿಯಂತೆ ದಿನ ಕಳೆದನು.

ಮನೆಯೊಳಗಿನ ಸೋಲು

ವೆನಿಸ್‌ನ ಆ ದಿನಗಳಲ್ಲಿ ಎರಡು ಸುದ್ದಿಗಳು ಆತನನ್ನು ತಲುಪಿದವು. ಲಂಡನ್ನಿನಲ್ಲಿ ಆತನ ಪ್ರತಿಮೆಗಾಗಿ ಚಂದಾ ಎತ್ತಲಾಗುತ್ತಿತ್ತು. ಅದನ್ನು ನಿಲ್ಲಿಸಬೇಕೆಂದು ಆತ ಆಗ್ರಹಪಡಿಸಿದನು. ಇನ್ನೊಂದು ಸುದ್ದಿ ಮಗನ ಬುದ್ಧಿ ಕೆಟ್ಟಿತೆಂಬುದು. ತಾಯಿಯಿಲ್ಲದ ಆ ಮಗು ವಸತಿಶಾಲೆಗಳಲ್ಲಿ, ಪರರ ಆಶ್ರಯದಲ್ಲಿ ಬೆಳೆದಿತ್ತು. ತಂದೆ ನೂರಾರು ಸೆರೆಮನೆಗಳ ಬಾಗಿಲು ತಟ್ಟುತ್ತಿದ್ದಾಗ ಮಗನ ದಾರಿ ತಪ್ಪಿತ್ತು. ಕಾಯಿಲೆಗೆ ತಂದೆಯ ಕಟ್ಟುನಿಟ್ಟೇ ಕಾರಣವೆಂದು ವಿರೋಧಿಗಳು ದೂರಿದರು, ಮಿತ್ರರು ಅಲ್ಲಗಳೆದರು. ಮರುಭೇಟಿಯನ್ನು ಜೀವನದ ನಿಯಮವಾಗಿಸಿಕೊಂಡವನು ಮತ್ತೆ ಮತ್ತೆ ಬಿಟ್ಟು ಹೋದದ್ದು ತನ್ನ ಮನೆಯನ್ನೇ ಎಂಬುದನ್ನು ಆತನ ಚರಿತ್ರೆ ಮರೆಮಾಚಲಾರದು. ಮಗ 1799ರಲ್ಲಿ ಆ ಸ್ಥಿತಿಯಲ್ಲೇ ತೀರಿಕೊಂಡನು.

ಕೊನೆಯ ಪಯಣ

1789ರಲ್ಲಿ ಹೊವಾರ್ಡ್ ರಷ್ಯಾದ ಕಡೆಗೆ ಹೊರಟನು. ಕಪ್ಪು ಸಮುದ್ರಕ್ಕೆ ಸಮೀಪದ ಖೆರ್ಸೋನ್ ಪಟ್ಟಣದಲ್ಲಿ ಸೈನಿಕರ ಆಸ್ಪತ್ರೆಗಳ ದುರವಸ್ಥೆಯನ್ನು ದಾಖಲಿಸುತ್ತಿದ್ದಾಗ, ಜ್ವರದಿಂದ ಬಳಲುತ್ತಿದ್ದ ಯುವತಿಯೊಬ್ಬಳನ್ನು ಉಪಚರಿಸಲು ಹೋಗಿ ತಾನೂ ಹಾಸಿಗೆ ಹಿಡಿದನು. 1790ರ ಜನವರಿ 20ರಂದು ಮರಣ ಹೊಂದಿದನು. ಸ್ಮಾರಕ ಬೇಡ, ಗೋರಿಯ ಮೇಲೆ ಒಂದು ನೆರಳುಗಡಿಯಾರ ಸಾಕು ಎಂಬುದು ಆತನ ಇಚ್ಛೆಯಾಗಿತ್ತು. ಆದರೂ 1796ರಲ್ಲಿ ಲಂಡನ್ನಿನ ಸಂತ ಪಾಲರ ಚರ್ಚಿನಲ್ಲಿ ಆತನ ಪ್ರತಿಮೆ ನಿಂತಿತು.

ಪ್ರತಿಮೆಗಿಂತ ನಿಧಾನವಾಗಿ ಸುಧಾರಣೆಗಳು ಬಂದವು. ಬೆಡ್‌ಫರ್ಡಿನಲ್ಲಿ ಹೊಸ ಸೆರೆಮನೆ ಸಿದ್ಧವಾದದ್ದು 1801ರಲ್ಲಿ. ಜೈಲು ಶುಲ್ಕಗಳನ್ನು ಪಾರ್ಲಿಮೆಂಟು ಸಂಪೂರ್ಣವಾಗಿ ರದ್ದುಪಡಿಸಿದ್ದು 1815ರಲ್ಲಿ. 1835ರಲ್ಲಿ ಸರ್ಕಾರವೇ ಸೆರೆಮನೆಗಳಿಗೆ ಸಂಬಳದ ತಪಾಸಕರನ್ನು ನೇಮಿಸಿತು. ಅದೇ ವರ್ಷ ಮೆಕಾಲೆಯ ಸೂಚನೆಯಂತೆ ಭಾರತದ ಸೆರೆಮನೆಗಳ ವಿಚಾರಣೆಯ ಪ್ರಸ್ತಾಪ ಎದ್ದು, 1838ರಲ್ಲಿ ಸಮಿತಿಯ ವರದಿ ಸಿದ್ಧವಾಯಿತು. ಪ್ರತಿ ಸೆರೆಮನೆಗೆ ವೈದ್ಯಾಧಿಕಾರಿ, ಮೇಲ್ವಿಚಾರಣೆಗೆ ಇನ್‌ಸ್ಪೆಕ್ಟರ್ ಜನರಲ್ ಇರಬೇಕೆಂದು ವಿಧಿಸಿದ ಭಾರತದ 1894ರ ಕಾರಾಗೃಹ ಶಾಸನದಲ್ಲಿಯೂ 1774ರ ಆರೋಗ್ಯ ಶಾಸನದ ನೆರಳಿದೆ.

ಹೊವಾರ್ಡ್ ಸೆರೆಮನೆಗಳ ತತ್ತ್ವಶಾಸ್ತ್ರವನ್ನು ಬರೆದವನಲ್ಲ. ಆ ಕೆಲಸವನ್ನು ಬೆಕಾರಿಯಾ, ಬೆಂಥಮ್ ಮೊದಲಾದವರು ಮಾಡಿದರು. ಶಾಸನ ಮತ್ತು ಅದರ ಪಾಲನೆ ಎರಡೂ ಒಂದೇ ಅಲ್ಲವೆಂಬುದನ್ನು ದಿನಾಂಕ ಸಹಿತ ತೋರಿಸಿದ್ದು ಆತನ ಕೊಡುಗೆ. ವರದಿ ಸಲ್ಲಿಕೆಯಾದ ಮೇಲೆ ಅದೇ ಬಾಗಿಲನ್ನು ಮತ್ತೆ ತೆರೆದು ನೋಡುವವರಿಲ್ಲದಿದ್ದರೆ ಬಳಿದ ಸುಣ್ಣ ಉದುರುತ್ತದೆ, ಮುಚ್ಚಿದ ಕಿಟಕಿ ಮುಚ್ಚಿಯೇ ಇರುತ್ತದೆ. ಆತನ ಟಿಪ್ಪಣಿಗಳಲ್ಲಿ ಒಂದೊಂದು ಸೆರೆಮನೆಯ ಹೆಸರಿನ ಕೆಳಗೆ ಸಾಲಾಗಿ ನಿಂತ ದಿನಾಂಕಗಳು ಈ ಅರಿವಿನ ದಾಖಲೆಯಾಗಿ ಉಳಿದಿವೆ.