ಬೊಬ್ಬಿಲಿ ರಾಜರನ್ನು ಸೋಲಿಸಿದ ಕಾರ್ಮಿಕ ನಾಯಕ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ವಿ.ವಿ. ಗಿರಿ ಎಂದರೆ ರಾಷ್ಟ್ರಪತಿಗಳ ಪಟ್ಟಿಯಲ್ಲಿ ನಾಲ್ಕನೆಯ ಹೆಸರು. ಪಟ್ಟಿ ಬಾಯಿಪಾಠ ಮಾಡುವಾಗ ನನಗೂ ಅಷ್ಟೇ ಗೊತ್ತಿತ್ತು.

1894ರಲ್ಲಿ ಬರ್ಹಾಂಪುರದ ತೆಲುಗು ಕುಟುಂಬವೊಂದರಲ್ಲಿ ಹುಟ್ಟಿದ ಗಿರಿ ಕಾನೂನು ಓದಲು ಹೋಗಿದ್ದು ಐರ್ಲೆಂಡಿನ ಡಬ್ಲಿನ್‌ಗೆ. ಅಲ್ಲಿನ ಸ್ವಾತಂತ್ರ್ಯ ಹೋರಾಟಗಾರರ ಒಡನಾಟದಿಂದಾಗಿ 1916ರಲ್ಲಿ ಆ ದೇಶ ಬಿಡಬೇಕಾಯಿತು. ಮದ್ರಾಸಿನಲ್ಲಿ ವಕೀಲಿ ಶುರು ಮಾಡಿದರು. ಅಸಹಕಾರ ಚಳವಳಿ ಬಂದಾಗ ಅದನ್ನೂ ಬಿಟ್ಟರು. ಆಮೇಲೆ ರೈಲ್ವೆ ಕಾರ್ಮಿಕರ ಸಂಘಟನೆಗೆ ಇಳಿದರು. 1928ರಲ್ಲಿ ಬಂಗಾಳ ನಾಗಪುರ ರೈಲ್ವೆಯಲ್ಲಿ ಕೆಲಸ ಕಳೆದುಕೊಂಡವರ ಪರವಾಗಿ ಅಹಿಂಸಾತ್ಮಕ ಮುಷ್ಕರ ನಡೆಸಿ ಗೆದ್ದರು.

1937ರ ಮದ್ರಾಸ್ ವಿಧಾನಸಭೆ ಚುನಾವಣೆಯಲ್ಲಿ ಕಾಂಗ್ರೆಸ್ ಅವರನ್ನು ಬೊಬ್ಬಿಲಿಯಲ್ಲಿ ನಿಲ್ಲಿಸಿತು. ಎದುರಾಳಿ ಸ್ವತಃ ಬೊಬ್ಬಿಲಿಯ ರಾಜರು! ಜಸ್ಟಿಸ್ ಪಕ್ಷದ ನಾಯಕ, ಪ್ರಾಂತ್ಯ ಸರ್ಕಾರದ ಮುಖ್ಯಸ್ಥ. ತಮ್ಮ ಜಮೀನ್ದಾರಿಯ ನೆಲದಲ್ಲೇ ಅವರು ಕಾರ್ಮಿಕ ನಾಯಕನಿಗೆ ಸೋತರು. ಗಿರಿ ರಾಜಾಜಿ ಸಂಪುಟದಲ್ಲಿ ಕಾರ್ಮಿಕ ಮತ್ತು ಕೈಗಾರಿಕಾ ಸಚಿವರಾದರು.

ನನಗಂತೂ ಆ ಗೆಲುವಿಗಿಂತ 1954ರ ರಾಜೀನಾಮೆಯೇ ದೊಡ್ಡದೆನಿಸುತ್ತದೆ. ಆಗ ಅವರು ಕೇಂದ್ರ ಕಾರ್ಮಿಕ ಸಚಿವರು. ಬ್ಯಾಂಕ್ ನೌಕರರ ವೇತನ ವಿವಾದದಲ್ಲಿ ನ್ಯಾಯಮಂಡಳಿ ಕೊಟ್ಟ ತೀರ್ಪನ್ನು ಸರ್ಕಾರ ಬದಲಿಸಿದ್ದಕ್ಕೆ ಹುದ್ದೆಯನ್ನೇ ತೊರೆದರು. ಬ್ಯಾಂಕ್ ಕೆಲಸಕ್ಕೆ ಅರ್ಜಿ ಹಾಕುವ ನಮ್ಮಲ್ಲಿ ಎಷ್ಟು ಮಂದಿಗೆ ಇದು ಗೊತ್ತು?

1965ರಿಂದ 1967ರವರೆಗೆ ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಗಿರಿ, 1969ರಲ್ಲಿ ಪಕ್ಷೇತರರಾಗಿ ನಿಂತು ರಾಷ್ಟ್ರಪತಿಯಾದರು. 1980ರ ಜೂನ್‌ನಲ್ಲಿ ಮದ್ರಾಸಿನಲ್ಲಿ ತೀರಿಕೊಂಡರು.